ಹಬ್ಬದ ಹತ್ತನೆಯ ಕಂತು

ಯುಗಾದಿಯ ದಿನ ಪಂಚಾಂಗವನ್ನು ತೆರೆದರೆ ಒಂದೊಂದು ರಾಶಿಗೂ ಆಯ ಇಷ್ಟು, ವ್ಯಯ ಇಷ್ಟು ಎಂದು ಅಂಕಿಗಳನ್ನು ಕೊಟ್ಟಿರುತ್ತಾರೆ. ಆ ವ್ಯಯ ಯಾವ ತಿಂಗಳಿನದೆಂದು ಮಾತ್ರ ಬರೆದಿರುವುದಿಲ್ಲ. ಬರೆಯುವ ಅಗತ್ಯವೂ ಇಲ್ಲವೆನ್ನಿ. ಸಂಬಳವನ್ನೇ ನಂಬಿದ ಯಾವ ಗೃಹಸ್ಥನನ್ನು ಕೇಳಿದರೂ ಹೇಳಿಯಾನು: ಶ್ರಾವಣದಲ್ಲಿ ವರಮಹಾಲಕ್ಷ್ಮಿಯನ್ನು ಕೂರಿಸಿದ ದಿನದಿಂದ ಕಾರ್ತಿಕದ ಬಲಿಪಾಡ್ಯಮಿ ಮುಗಿಯುವವರೆಗೆ ಕೈಯಲ್ಲಿ ಲಕ್ಷ್ಮಿ ಕೂರುವುದಿಲ್ಲ.

ನಡುವೆ ಗೌರಿ, ಗಣೇಶ, ನವರಾತ್ರಿ, ಆಯುಧಪೂಜೆ, ನರಕ ಚತುರ್ದಶಿ. ಸುಮಾರು ಮೂರು ತಿಂಗಳಲ್ಲಿ ಇಷ್ಟು ಹಬ್ಬ. ಸಂಬಳ ಬರುವುದು ಮೂರೇ ಸಲ. ವ್ರತದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಕನಕಾಂಬರದ ಬೆಲೆ ಕೇಳಿದವನಿಗೆ ಭಕ್ತಿಗಿಂತ ಮೊದಲು ವೈರಾಗ್ಯ ಬರುತ್ತದೆ. ಆದರೂ ಕೊಳ್ಳುತ್ತೇವೆ. ಅದು ತಪ್ಪೆಂದು ನಾನು ಹೇಳಲಾರೆ. ತವರಿನಿಂದ ಗೌರಿಯ ಬಾಗಿನ ಹೋಗದಿದ್ದರೆ ಮಗಳಿಗಾಗುವ ನೋವಿಗೆ, ಅಳಿಯನ ಮೊದಲ ದೀಪಾವಳಿಗೆ ಹೊಸ ಬಟ್ಟೆ ಕೊಡಲಾಗದ ಮಾವನ ಸಂಕೋಚಕ್ಕೆ ಜಮಾಖರ್ಚಿನ ಪುಸ್ತಕದಲ್ಲಿ ಜಾಗವಿಲ್ಲ. ಹಬ್ಬದ ಖರ್ಚಿನಲ್ಲಿ ಅರ್ಧ ಪಾಲು ಮಮತೆ, ಕಾಲು ಪಾಲು ಮರ್ಯಾದೆ. ನನ್ನ ತಕರಾರೆಲ್ಲ ಉಳಿದ ಕಾಲು ಪಾಲಿನದು.

ಆ ಕಾಲು ಪಾಲೆಂದರೆ ಹಬ್ಬಕ್ಕೆ ಸಂಬಂಧವೇ ಇಲ್ಲದೆ ಹಬ್ಬದ ಹೆಸರಿನಲ್ಲಿ ಮನೆ ಹೊಕ್ಕುವ ಸಾಮಾನು. ವಾಷಿಂಗ್ ಮೆಷೀನಿಗೂ ನರಕಾಸುರನಿಗೂ ಏನು ನಂಟು? ಆದರೆ ಅಂಗಡಿಯ ಮುಂದೆ ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕ ತೂಗುತ್ತಿರುತ್ತದೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಎಷ್ಟೋ ಸಲ ಬಡ್ಡಿಯನ್ನೇ ಶುಲ್ಕದ ಹೆಸರಿನಲ್ಲಿ ಮರೆಮಾಡಲಾಗುತ್ತಿದೆ ಎಂದು 2013ರಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಇಂದಿಗೂ ನಗದು ಕೊಟ್ಟವನಿಗೆ ಸಿಗುವ ರಿಯಾಯಿತಿ ಕಂತಿನವನಿಗೆ ಎಷ್ಟೋ ಸಲ ಸಿಗುವುದಿಲ್ಲ. ಇನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಬಾಕಿ ಉಳಿಸಿಕೊಂಡರೆ ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಸಾಮಾನ್ಯ. 20,000 ರೂಪಾಯಿ ಬಾಕಿಗೆ ತಿಂಗಳಿಗೆ 600 ರೂಪಾಯಿ ಆಯಿತು. ಅಸಲು ಮಾತ್ರ ಇದ್ದಲ್ಲೇ ಇರುತ್ತದೆ.

ನಮ್ಮ ಈ ಸ್ವಭಾವ ಸರ್ಕಾರಕ್ಕೂ ಗೊತ್ತು. 2020ರ ಅಕ್ಟೋಬರಿನಲ್ಲಿ, ವ್ಯಾಪಾರ ಕುದುರಲಿ ಎಂದು, ಕೇಂದ್ರ ಸರ್ಕಾರ ತನ್ನ ನೌಕರರಿಗೆ 10,000 ರೂಪಾಯಿಗಳ ವಿಶೇಷ ಹಬ್ಬದ ಮುಂಗಡವನ್ನು ಸಾರಿತು. ಅದಕ್ಕೆ ಬಡ್ಡಿ ನಿಜವಾಗಿಯೂ ಇರಲಿಲ್ಲ. ತೀರಿಸಲು ಹತ್ತು ಕಂತು. ಬೆರಳು ಮಡಿಸಿ ಎಣಿಸಿ ನೋಡಿ. ನವೆಂಬರಿನಲ್ಲಿ ಮೊದಲ ಕಂತು ಕಟ್ಟಿದರೆ ಹತ್ತನೆಯದು ಆಗಸ್ಟಿಗೆ. ಆಗಸ್ಟ್ ಎಂದರೆ ಹೆಚ್ಚುಕಡಿಮೆ ಶ್ರಾವಣ. ಹೋದ ವರ್ಷದ ಹಬ್ಬ ಹಿತ್ತಲ ಬಾಗಿಲಿನಿಂದ ಹೊರಡುವ ಹೊತ್ತಿಗೆ ಈ ವರ್ಷದ ಹಬ್ಬ ತಲೆಬಾಗಿಲಲ್ಲಿ ನಿಂತಿರುತ್ತದೆ.

ಈ ಹತ್ತು ತಿಂಗಳ ಭಾರವನ್ನು ಹೊರುವವರು ಯಾರು? ಕಂತು ಬ್ಯಾಂಕಿನಲ್ಲಿ ತಾನಾಗಿ ಕಳೆದುಹೋಗುವುದರಿಂದ ಕೊಂಡವನಿಗೆ ಅದರ ಬಿಸಿ ತಟ್ಟುವುದಿಲ್ಲ. ತಟ್ಟುವುದು ಅಡಿಗೆಮನೆಗೆ. ಮೊದಲು ಹಣ್ಣು ನಿಲ್ಲುತ್ತದೆ, ಆಮೇಲೆ ಹಾಲು ಅರ್ಧ ಲೀಟರ್ ಕಡಮೆಯಾಗುತ್ತದೆ. ಅಜ್ಜಿಯ ಹೊಸ ಕನ್ನಡಕ ‘ಮುಂದಿನ ತಿಂಗಳು ನೋಡೋಣ’ ಎನಿಸಿಕೊಂಡು ಮುಂದೆ ಹೋಗುತ್ತಲೇ ಇರುತ್ತದೆ. ಶಾಲೆಯ ಫೀಸಿನ ಕಾಲಕ್ಕೆ ಮನೆಯಾಕೆಯ ಬಳೆ ಗಿರವಿ ಅಂಗಡಿಯ ದಾರಿ ಹಿಡಿಯುತ್ತದೆ. ಹಬ್ಬದ ಸಂತೋಷವನ್ನು ಮನೆಮಂದಿಯೆಲ್ಲ ಹಂಚಿಕೊಂಡರೂ, ಹಬ್ಬದ ಸಾಲವನ್ನು ಬಾಯಿಬಿಟ್ಟು ಹೇಳದವರೇ ತೀರಿಸುತ್ತಾರೆ.

ನಮ್ಮ ಬೀದಿಯಲ್ಲಿ ಹೂವು ಮಾರುವಾಕೆ ಒಂದು ಹಬ್ಬದ ಚೀಟಿ ನಡೆಸುತ್ತಾಳೆ. ತಿಂಗಳು ತಿಂಗಳೂ ಇಷ್ಟೆಂದು ಕಟ್ಟುತ್ತ ಬಂದರೆ ದೀಪಾವಳಿಯ ಹೊತ್ತಿಗೆ ಎಣ್ಣೆ, ಬೆಲ್ಲ, ಬೇಳೆ, ಮಕ್ಕಳಿಗೆ ಪಟಾಕಿ ಮನೆಗೆ ಬರುತ್ತವೆ. “ಇಷ್ಟು ಮುಂಚಿನಿಂದ ಯಾಕಮ್ಮ ಈ ಪರದಾಟ?” ಎಂದೆ.

“ಹಬ್ಬ ಏನು ಹೇಳದೆ ಕೇಳದೆ ಬರೋ ನೆಂಟನೇ ಸ್ವಾಮಿ? ಬರೋದು ಗೊತ್ತಿದ್ದ ಮೇಲೆ ಅಕ್ಕಿ ಮೊದಲೇ ತೆಗೆದಿಡಬೇಕಲ್ಲವಾ?” ಎಂದಳು.

ಪಂಚಾಂಗ ಹೇಳುವುದೂ ಅದನ್ನೇ. ವರ್ಷದ ಹಬ್ಬಗಳ ತಿಥಿಯನ್ನು ಅದು ಯುಗಾದಿಗೇ ಕೊಟ್ಟುಬಿಟ್ಟಿರುತ್ತದೆ. ಚೀಟಿ ಕಟ್ಟಿ ಮುಳುಗಿದವರೂ ಉಂಟು, ಬಲ್ಲೆ. ಅಂಥ ಭಯವಿದ್ದವರು ಬ್ಯಾಂಕಿನಲ್ಲಿ ಆರ್.ಡಿ. ಕಟ್ಟಬಹುದು. ಲೆಕ್ಕ ಒಂದೇ. ಅಂಗಡಿಯವನದೂ ಕಂತು, ಹೂವಿನಾಕೆಯದೂ ಕಂತು; ಒಂದು ಹಬ್ಬದ ಹಿಂದಿನಿಂದ ಬರುತ್ತದೆ, ಇನ್ನೊಂದು ಮುಂದೆ ನಡೆಯುತ್ತದೆ. ಆಕೆಯ ಮನೆಯಲ್ಲಿ ಪಾಡ್ಯಮಿಯ ಮಾರನೆಯ ದಿನ ಹಣತೆಗಳನ್ನು ಒರಸಿ ಗೂಡಿನಲ್ಲಿಟ್ಟರೆ ಹಬ್ಬ ಮುಗಿದಂತೆ. ಆಮೇಲೆ ಹಾಲಿನ ಲೆಕ್ಕ ಹಾಲಿಗೆ, ಫೀಸಿನ ಲೆಕ್ಕ ಫೀಸಿಗೆ.