ಹನ್ನೆರಡು ಅಂಗಿಗಳ ಆಟಗಾರ

ಎತ್ತರವಾಗಿ ಹುಟ್ಟಿದವನಿಗೆ ಈ ಲೋಕದಲ್ಲಿ ಎರಡು ಕೆಲಸಗಳು ತಪ್ಪಿದ್ದಲ್ಲ. ಮನೆಯಲ್ಲಿ ಅಟ್ಟದ ಮೇಲಿನ ಡಬ್ಬ ಇಳಿಸಿಕೊಡುವುದು ಒಂದು. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವುದು ಇನ್ನೊಂದು. ನನ್ನ 6 ಅಡಿ 2 ಅಂಗುಲದ ದೇಹವನ್ನು ಕಂಡೊಡನೆಯೇ ನಮ್ಮ ದೈಹಿಕ ಶಿಕ್ಷಣದ ಮೇಷ್ಟರು "ನೀನು ಸೆಂಟರ್" ಎಂದು ಅಪ್ಪಣೆ ಕೊಡಿಸಿಬಿಟ್ಟರು. ಆಟ ಬರುತ್ತದೆಯೇ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಅಂದಿನಿಂದ, ಆ ಸ್ಥಾನದಲ್ಲಿ ಆಡಿದ ಹಿರಿಯರ ಚರಿತ್ರೆಯನ್ನು ಓದುವ ಚಟ ನನಗೆ ಹತ್ತಿಕೊಂಡಿದೆ. ಬಿಲ್ ರಸೆಲ್, ಕರೀಂ ಅಬ್ದುಲ್ ಜಬ್ಬಾರ್ ಮೊದಲಾದ ಮಹಾರಥರ ಕಥೆ ಹೇಳಲು ಬೇಕಾದಷ್ಟು ಜನರಿದ್ದಾರೆ. ನಾನು ಹೇಳಹೊರಟಿರುವುದು ಟೋನಿ ಮ್ಯಾಸೆನ್‌ಬರ್ಗ್ ಎಂಬ ಒಬ್ಬ ಕಾಲಾಳಿನ ಕಥೆಯನ್ನು.

ಅಮೆರಿಕದವರು ಇಂಥ ಆಟಗಾರನನ್ನು 'ಜರ್ನಿಮನ್' ಎಂದು ಕರೆಯುತ್ತಾರೆ. ಊರೂರು ಸುತ್ತುವವನಾದ್ದರಿಂದ ಈ ಹೆಸರು ಬಂದಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಆ ಪದದ ಬೇರು ಇರುವುದು ಫ್ರೆಂಚ್ ಭಾಷೆಯಲ್ಲಿ 'ದಿನ' ಎಂಬರ್ಥ ಕೊಡುವ ಮಾತಿನಲ್ಲಿ. ಹಿಂದೆ ಯೂರೋಪಿನ ಕಸುಬುದಾರರ ಸಂಘಗಳಲ್ಲಿ ಶಿಷ್ಯವೃತ್ತಿಯನ್ನು ಮುಗಿಸಿ, ಕಸುಬನ್ನು ಚೆನ್ನಾಗಿ ಕಲಿತೂ, ಸ್ವಂತ ಅಂಗಡಿ ಇಡಲಾರದೆ ಯಾವನೋ ಯಜಮಾನನ ಬಳಿ ದಿನಗೂಲಿಗೆ ದುಡಿಯುತ್ತಿದ್ದವನೇ ಜರ್ನಿಮನ್. ಅವನಿಗೆ ಕೆಲಸ ಬರುತ್ತಿತ್ತು. ಅಂಗಡಿ ಇರಲಿಲ್ಲ, ಅಷ್ಟೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಮ್ಯಾಸೆನ್‌ಬರ್ಗ್ ಹುಟ್ಟಿದ್ದು 1967ರಲ್ಲಿ, ವರ್ಜೀನಿಯಾ ಸಂಸ್ಥಾನದಲ್ಲಿ. ಎತ್ತರ 6 ಅಡಿ 9 ಅಂಗುಲ. 1985ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ಆ ತಂಡದ ಕಣ್ಮಣಿ ಲೆನ್ ಬಯಸ್ ಎಂಬ ತರುಣ. 1986ರ ಜೂನ್ ತಿಂಗಳಲ್ಲಿ ವೃತ್ತಿನಿರತ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ, ಬಾಸ್ಟನ್ ಸೆಲ್ಟಿಕ್ಸ್ ತಂಡ ಬಯಸ್‌ನನ್ನು ಇಡೀ ದೇಶಕ್ಕೆ ಎರಡನೆಯವನಾಗಿ ಆರಿಸಿಕೊಂಡಿತು. ಎರಡೇ ದಿನಗಳಲ್ಲಿ, ಕೊಕೇನ್ ಸೇವನೆಯಿಂದ, 22 ವರ್ಷದ ಆ ಹುಡುಗ ತೀರಿಕೊಂಡ. ಸೆಲ್ಟಿಕ್ಸ್ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ನಾಲ್ಕು ವರ್ಷಗಳ ಮೇಲೆ, 1990ರಲ್ಲಿ, ಮ್ಯಾಸೆನ್‌ಬರ್ಗ್‌ನ ಸರದಿ ಬಂದಾಗ ಅವನ ಸ್ಥಾನ 43. ಆರಿಸಿಕೊಂಡ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್. ಅಲ್ಲಿ ಸೆಂಟರ್ ಸ್ಥಾನದಲ್ಲಿ 7 ಅಡಿಗೂ ಮೀರಿದ ಡೇವಿಡ್ ರಾಬಿನ್ಸನ್ ಆಗಲೇ ದೇವಸ್ಥಾನದ ಕಂಬದಂತೆ ನೆಲೆಯೂರಿ ನಿಂತಿದ್ದ. ಹೊಸಬನಿಗೆ ದೊರೆತದ್ದು ಬೆಂಚು.

ಅಲ್ಲಿಂದ ಮುಂದೆ ಅಲೆದಾಟ. 1991-92ರ ಒಂದೇ ಋತುವಿನಲ್ಲಿ ಅವನು ನಾಲ್ಕು ತಂಡಗಳ ಅಂಗಿ ತೊಟ್ಟ: ಸ್ಯಾನ್ ಆಂಟೋನಿಯೊ, ಶಾರ್ಲಟ್, ಬಾಸ್ಟನ್, ಗೋಲ್ಡನ್ ಸ್ಟೇಟ್. ನಾಲ್ಕೂ ಸೇರಿ ಆಡಿದ್ದು 18 ಪಂದ್ಯ. ಗೆಳೆಯ ಬಯಸ್ ತೊಡಬೇಕಾಗಿದ್ದ ಸೆಲ್ಟಿಕ್ಸ್ ತಂಡದ ಹಸಿರು ಅಂಗಿಯನ್ನು ಇವನು ಕೆಲವೇ ಪಂದ್ಯಗಳಿಗೆ ತೊಟ್ಟು ಬಿಚ್ಚಿಟ್ಟ. ಬಳಿಕ ಇಟಲಿ, ಸ್ಪೇನ್ ದೇಶಗಳಲ್ಲಿ ಆಡಿ, 1994ರಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿದ. 1995ರಲ್ಲಿ ಹೊಸದಾಗಿ ಹುಟ್ಟಿದ ಟೊರಾಂಟೊ ತಂಡ ಅವನನ್ನು ಎತ್ತಿಕೊಂಡಿತು. ಋತು ಮುಗಿಯುವುದರೊಳಗೆ ಫಿಲಡೆಲ್ಫಿಯಾಕ್ಕೆ ಸಾಗಿಸಿತು. ಮುಂದೆ ನ್ಯೂ ಜೆರ್ಸಿ, ಅದರ ಮುಂದೆ ವ್ಯಾಂಕೂವರ್. ಅಲ್ಲಿ 1999ರಲ್ಲಿ ಅವನ ಆಟ ಕುದುರಿ, ಪಂದ್ಯವೊಂದಕ್ಕೆ ಸರಾಸರಿ 10 ಪಾಯಿಂಟುಗಳನ್ನು ದಾಟಿತು. ಇನ್ನೇನು ಬೇರು ಬಿಟ್ಟ ಎನ್ನುವಾಗ, ಅದೇ ವರ್ಷದ ಆಗಸ್ಟಿನಲ್ಲಿ, ಮೂರು ತಂಡಗಳು 11 ಆಟಗಾರರನ್ನು ಒಟ್ಟಿಗೆ ಅದಲುಬದಲು ಮಾಡಿಕೊಂಡವು. ಮ್ಯಾಸೆನ್‌ಬರ್ಗ್ ಹ್ಯೂಸ್ಟನ್ ಪಾಲಾದ. ಮರುವರ್ಷ ಮತ್ತೆ ವ್ಯಾಂಕೂವರ್. ಈ ಸಲ ಅವನು ಕದಲಲಿಲ್ಲ, ತಂಡವೇ ಕದಲಿತು! 2001ರಲ್ಲಿ ಇಡೀ ತಂಡ ಕೆನಡಾ ಬಿಟ್ಟು ಮೆಂಫಿಸ್ ನಗರಕ್ಕೆ ಗುಳೆ ಹೊರಟಿತು. ಆಮೇಲೆ ಯೂಟಾ, ಸ್ಯಾಕ್ರಮೆಂಟೊ. ಒಟ್ಟು 12 ತಂಡಗಳು.

ಇದನ್ನೆಲ್ಲ ಓದುವಾಗ ನಮ್ಮ ಕಡೆಯ ಜಾತ್ರೆಯಲ್ಲಿ ಎತ್ತುಗಳು ಕೈ ಬದಲಾಯಿಸುವುದು ನೆನಪಾದರೆ ಆಶ್ಚರ್ಯವಿಲ್ಲ. ಆ ಲೀಗಿನಲ್ಲಿ ತಂಡಗಳು ಕೊಂಡು ಕೊಡುವುದು ಆಟಗಾರನ ಕರಾರನ್ನು. ಸಾಮಾನ್ಯ ಆಟಗಾರನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ಪದ್ಧತಿ 'ಹತ್ತು ದಿನದ ಕರಾರು'. ಜನವರಿಯ ಮೊದಲ ದಿನಗಳು ಕಳೆದ ಮೇಲೆ, ಯಾರಿಗೋ ಕಾಲು ಉಳುಕಿತೆಂದರೆ, ತಂಡ ಒಬ್ಬನನ್ನು ಹತ್ತು ದಿನದ ಮಟ್ಟಿಗೆ ಕರೆಸಿಕೊಳ್ಳಬಹುದು. ಒಂದು ತಂಡ ಒಬ್ಬನಿಗೆ ಒಂದು ಋತುವಿನಲ್ಲಿ ಇಂಥ ಎರಡು ಕರಾರುಗಳನ್ನು ಮಾತ್ರ ಕೊಡಬಹುದು. ಅನಂತರ ಉಳಿದ ಋತುವಿಗೆಲ್ಲ ಇಟ್ಟುಕೊಳ್ಳಬೇಕು, ಇಲ್ಲವೇ ಕೈಮುಗಿದು ಕಳಿಸಬೇಕು.

ಹೀಗೆ ಬಂದುಹೋಗುವ ಸೆಂಟರ್ ಮಾಡುವ ಕೆಲಸವಾದರೂ ಏನು? ಬುಟ್ಟಿಯ ಕೆಳಗೆ ಮೊಣಕೈಗಳ ಪೆಟ್ಟು ತಿನ್ನುತ್ತ ಜಾಗ ಹಿಡಿಯುವುದು. ಗುರಿತಪ್ಪಿ ಪುಟಿದ ಚೆಂಡನ್ನು ಕಸಿದು ತನ್ನವರಿಗೆ ಕೊಡುವುದು. ಚೆಂಡಿನೊಡನೆ ಓಡುವ ಗೆಳೆಯನ ಬೆನ್ನುಹತ್ತಿದವನಿಗೆ ಗೋಡೆಯಂತೆ ಅಡ್ಡ ನಿಲ್ಲುವುದು. ಒಬ್ಬ ಆಟಗಾರನಿಗೆ ಒಂದು ಪಂದ್ಯದಲ್ಲಿ 6 ಫೌಲ್ ಆದರೆ ಆಟದಿಂದ ಹೊರಗೆ. ಎದುರಿಗೆ ಶಕೀಲ್ ಓನೀಲ್‌ನಂಥ ಪರ್ವತ ಬಂದಾಗ, ತಮ್ಮ ಮುಖ್ಯ ಸೆಂಟರ್ ಬೇಗ ಹೊರಬೀಳದಿರಲೆಂದು, ಬೆಂಚಿನ ಮೇಲಿನವನನ್ನು ಇಳಿಸುತ್ತಿದ್ದರು. ಅವನ ಆರು ಫೌಲುಗಳೂ ತಂಡದ ಬೊಕ್ಕಸದಲ್ಲಿ ಜಮೆಯಾದ ನಾಣ್ಯಗಳು. ಮ್ಯಾಸೆನ್‌ಬರ್ಗ್ ಇಂಥ ದುಡಿಮೆಯನ್ನು ಸೆಂಟರ್ ಆಗಿಯೂ ಫಾರ್ವರ್ಡ್ ಆಗಿಯೂ 600ಕ್ಕೂ ಹೆಚ್ಚು ಪಂದ್ಯಗಳಲ್ಲಿ ಮಾಡಿದ. ಅವನ ಸರಾಸರಿ ಪಂದ್ಯಕ್ಕೆ ಸುಮಾರು 6 ಪಾಯಿಂಟು, 4 ರೀಬೌಂಡು. ಹನ್ನೆರಡು ತಂಡಗಳು ಅವನನ್ನು ಬಿಟ್ಟುಕೊಟ್ಟವೆಂದು ಮರುಗುವವರುಂಟು. ಹನ್ನೆರಡು ತಂಡಗಳು ಅವನನ್ನು ಬೇಕೆಂದು ಕರೆದವು ಎಂಬ ಲೆಕ್ಕವೂ ಅಷ್ಟೇ ಸರಿಯಾದದ್ದು.

ನನ್ನ ಅಕ್ಕ ಇತಿಹಾಸದಲ್ಲಿ ಎಂ.ಎ. ಮಾಡಿ ಆರು ವರ್ಷಗಳಿಂದ ಅತಿಥಿ ಉಪನ್ಯಾಸಕಿ. ಮೂರು ಊರುಗಳಲ್ಲಿ ಪಾಠ ಹೇಳಿದ್ದಾಳೆ. ಕಾರ್ಯಭಾರ ಇದ್ದರೆ ಕರೆ ಬರುತ್ತದೆ. ಪ್ರತಿವರ್ಷವೂ ಹೊಸ ಅರ್ಜಿ, ಹೊಸ ಕಾಯುವಿಕೆ. ಒಂದು ಸಂಜೆ ಅವಳಿಗೆ ಹತ್ತು ದಿನದ ಕರಾರಿನ ವಿಷಯ ಹೇಳಿದೆ.

"ನಂದು ಹತ್ತು ತಿಂಗಳಿನದು. ನಾನೇ ವಾಸಿ ಬಿಡೋ" ಎಂದು ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ಅವನಿಗೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರ್ತಾವೇನೋ?" ಎಂದು ಕೇಳಿದಳು.

ಬರುತ್ತವೆ ಎಂದೆ. ಆ ಆಟಗಾರರಿಗೆ 1954ರಲ್ಲಿ ಹುಟ್ಟಿದ ಒಂದು ಸಂಘವಿದೆ. ಅದು ಮಾಲೀಕರೊಡನೆ ಮಾಡಿಕೊಂಡ ಒಪ್ಪಂದದಂತೆ, ಆಡಿದ ವರ್ಷಗಳು ಹೆಚ್ಚಿದಂತೆಲ್ಲ ಕನಿಷ್ಠ ವೇತನವೂ ಏರುತ್ತದೆ. ಹಳಬ ದುಬಾರಿಯೆಂದು ತಂಡಗಳು ಹಿಂಜರಿಯದಿರಲೆಂದು, ಒಂದು ವರ್ಷದ ಕನಿಷ್ಠ ವೇತನದ ಕರಾರಿನಲ್ಲಿ ಹೆಚ್ಚಿನ ಹಣದ ಒಂದು ಭಾಗವನ್ನು ಲೀಗೇ ಭರಿಸುತ್ತದೆ. ಮೂರು ವರ್ಷ ಪೂರೈಸಿದವನಿಗೆ ನಿವೃತ್ತಿ ವೇತನದ ಹಕ್ಕುಂಟು. ಯಾವ ಊರಿನಲ್ಲಿ ಆಡಿದರೂ ವರ್ಷ ವರ್ಷವೇ.

ಅಕ್ಕ "ಹಾಗಾದ್ರೆ ಅಲೀಬಹುದು" ಎಂದಷ್ಟೇ ಹೇಳಿ, ತಿದ್ದಬೇಕಾಗಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿದಳು. ಈ ವಿಷಯದ ಮೇಲೆ ನಾನು ಓದಿರುವ ಯಾವ ಬರಹವೂ ಅಷ್ಟು ಚಿಕ್ಕದಾಗಿ ಅಷ್ಟು ನಿಜವನ್ನು ಹೇಳಿಲ್ಲ. ಅಲೆದಾಟದಿಂದ ಮನುಷ್ಯ ಕುಗ್ಗುವುದಿಲ್ಲ. ಹೋದ ಊರಿನಲ್ಲೆಲ್ಲ ಒಂದನೆಯ ದಿನದಿಂದ ಎಣಿಸಬೇಕಾಗಿ ಬಂದರೆ ಕುಗ್ಗುತ್ತಾನೆ. ಮ್ಯಾಸೆನ್‌ಬರ್ಗ್‌ನ ಸಹನೆಯನ್ನು ಹೊಗಳುವವರು, ಆ ಸಹನೆಯ ಬೆನ್ನಿಗಿದ್ದ ಈ ಏರ್ಪಾಡನ್ನೂ ಹೊಗಳಬೇಕು.

2004ರಲ್ಲಿ ಅವನನ್ನು ಮತ್ತೆ ಕರೆದದ್ದು ಮೊದಲ ಮನೆಯಾದ ಸ್ಯಾನ್ ಆಂಟೋನಿಯೊ. 2005ರ ಜೂನ್‌ನಲ್ಲಿ ಆ ತಂಡ ಡೆಟ್ರಾಯಿಟ್ ತಂಡವನ್ನು 4-3ರಿಂದ ಸೋಲಿಸಿ ಚಾಂಪಿಯನ್ ಆಯಿತು. ಹೊಸದಾಗಿ ಬಂದ 15 ವರ್ಷಗಳ ಮೇಲೆ, ಬಹುಪಾಲು ಬೆಂಚಿನ ಮೇಲೆ ಕುಳಿತೇ, ಅವನು ಚಾಂಪಿಯನ್ ತಂಡದವನಾದ. ಆ ಲೀಗಿನಲ್ಲಿ ಅವನಿಗೆ ಅದೇ ಕೊನೆಯ ಋತು. ಅತಿ ಹೆಚ್ಚು ತಂಡಗಳಿಗೆ ಆಡಿದ ದಾಖಲೆಯಲ್ಲಿ ಅವನಿಗೆ ಇನ್ನೂ ಕೆಲವರು ಪಾಲುದಾರರಿದ್ದರು. 2022ರಲ್ಲಿ ಇಷ್ ಸ್ಮಿತ್ ಎಂಬ ಗಾರ್ಡ್ 13ನೆಯ ತಂಡ ಸೇರಿ ಅದನ್ನೂ ಮುರಿದ.

ಈ ಸಂಚಿಕೆಯಲ್ಲಿಯೂ ಎಂದಿನಂತೆ ನಮ್ಮ ಅಧ್ಯಾಪಕ ವೃಂದದ ಛಾಯಾಚಿತ್ರ ಅಚ್ಚಾಗಿರುತ್ತದೆ. ಕುರ್ಚಿಗಳ ಮೇಲೆ ಕುಳಿತ ಹಿರಿಯರ ಹೆಸರುಗಳು ನಮಗೆಲ್ಲ ಕಂಠಪಾಠ. ಹಿಂದೆ ನಿಂತವರ ಸಾಲು ವರ್ಷ ವರ್ಷವೂ ಬದಲಾಗುತ್ತದೆ. ಸಹಪಾಠಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಕೆಳಗೆ 'ನಿಂತಿರುವವರು, ಎಡದಿಂದ ಬಲಕ್ಕೆ' ಎಂದು ಸಣ್ಣ ಅಕ್ಷರದಲ್ಲಿರುವ ಆ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳಿ. ಮುಂದಿನ ವರ್ಷ ಯಾವುದೋ ಊರಿನ ಬಸ್ ನಿಲ್ದಾಣದಲ್ಲಿ ಅವರು ಎದುರಾದಾಗ, "ನೀವು ನಮಗೆ ಪಾಠ ಹೇಳಿದಿರಿ" ಎನ್ನಲು ಅನುಕೂಲವಾದೀತು.