ಎಡಗಡೆ ಮುಂದಿನ ಚಕ್ರದ ತಕರಾರು

ಡೊಂಬಿವಲಿಯಲ್ಲಿ ಗಾಡಿ ಸದ್ದು ಮಾಡತೊಡಗಿದರೆ ಗ್ಯಾರೇಜು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೊಸೈಟಿಯ ಗೇಟಿನ ಎದುರು ನಿಲ್ಲಿಸಿ ಬಾನೆಟ್ ಎತ್ತಿದರೆ ಸಾಕು. ವಾಚ್‌ಮನ್, ಹಾಲಿನವನು, ಸ್ಟ್ಯಾಂಡಿನಲ್ಲಿ ಸವಾರಿಗೆ ಕಾಯುತ್ತಿರುವ ರಿಕ್ಷಾದವರು, ವಾಕಿಂಗ್ ಹೊರಟ ಪೆನ್ಷನ್‌ದಾರರು ಎಲ್ಲರೂ ತಾವಾಗಿಯೇ ಬಂದು ಸುತ್ತುವರಿಯುತ್ತಾರೆ. ಸದ್ದು ಬರುವುದು ಚಕ್ರದ ಬಳಿಯಾದರೂ ಎಲ್ಲರೂ ಇಣುಕುವುದು ಎಂಜಿನ್ನಿಗೇ. ಒಬ್ಬ ಬೇರಿಂಗ್ ಅನ್ನುತ್ತಾನೆ, ಇನ್ನೊಬ್ಬ ಶಾಕ್‌ಅಬ್ಸಾರ್ಬರ್ ಅನ್ನುತ್ತಾನೆ. ಎಲ್ಲರಿಗೂ ಭಾವನೋ ಮೈದುನನೋ ಒಬ್ಬ ಇರುತ್ತಾನೆ, ಅವನ ಗಾಡಿಗೂ ಇದೇ ಆಗಿರುತ್ತದೆ.

ನನ್ನ ಅಕ್ಕನ ಮಗನ ಮಹೀಂದ್ರ ಥಾರ್ ಸುತ್ತ ಇಂಥ ಸಭೆ ಹಲವು ಸಲ ನೆರೆಯಿತು. ಹುಡುಗನಿಗೆ ನವಿ ಮುಂಬಯಿಯ ಮಹಾಪೆಯಲ್ಲಿ ಕೆಲಸ. ಗಾಡಿ 2020ರ ಅಕ್ಟೋಬರ್ 2ರಂದು ಪೇಟೆಗೆ ಬಂತಲ್ಲ, ಆ ಹೊಸ ಮಾದರಿ. ಕಂಪನಿಯಿಂದ ಇಳಿಯುವಾಗಲೇ ಅದರ ಹೊಟ್ಟೆ ನೆಲದಿಂದ 226 ಮಿಲಿಮೀಟರ್ ಮೇಲಿರುತ್ತದೆ. ಅದು ಸಾಲದೆಂದು ಇವನು ಇನ್ನೂ ಎರಡು ಇಂಚು ಎತ್ತರಿಸಿ, ದಪ್ಪ ಟೈರು ಹಾಕಿಸಿದ. ಯಾಕೋ ಎಂದರೆ, "ಮಾಮ, ಮಳೆಗಾಲದಲ್ಲಿ ಎಂಐಡಿಸಿ ರಸ್ತೆ ನೋಡಿದ್ದೀರಲ್ಲ" ಅಂದ. ಈ ಮಾತಿಗೆ ಡೊಂಬಿವಲಿಯಲ್ಲಿ ಯಾರ ಬಳಿಯೂ ಉತ್ತರವಿಲ್ಲ.

ಎತ್ತರಿಸುವ ಅಗ್ಗದ ದಾರಿ ಯಾವುದೆಂದು ಆಮೇಲೆ ತಿಳಿಯಿತು. ಮುಂಬಯಿಯ ಚಾಳುಗಳಲ್ಲಿ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು, ಕೆಳಗೆ ಊರಿಂದ ಬಂದ ತಮ್ಮನಿಗೆ ಹಾಸಿಗೆ ಹಾಸುತ್ತಿದ್ದರಲ್ಲ, ಅದೇ ಉಪಾಯ. ಮುಂದಿನ ಸ್ಪ್ರಿಂಗು ಮತ್ತು ಶಾಕ್‌ಅಬ್ಸಾರ್ಬರ್ ಒಂದೇ ಜೋಡಣೆಯಾಗಿ ನಿಂತಿರುತ್ತವೆ. ಅದರ ತಲೆಯ ಮೇಲೆ ಸ್ಪೇಸರ್ ಎಂಬ ಬಿಲ್ಲೆ ಕೂರಿಸಿ ಬೋಲ್ಟ್ ಬಿಗಿದರೆ ಮೂತಿ ಮೇಲೇಳುತ್ತದೆ. ಎರಡು ಇಂಚಿಗೆ ಎರಡು ಇಂಚಿನ ಬಿಲ್ಲೆಯೂ ಬೇಡ. ಶಾಕ್ ಇರುವುದು ಚಕ್ರದ ಮೇಲಲ್ಲ, ತೋಳಿನ ನಡುವೆ, ಹಾಗಾಗಿ ಇನ್ನೂ ತೆಳ್ಳಗಿನದು ಸಾಕು. ಆದರೆ ಮಂಚಕ್ಕೆ ಕೀಲಿಲ್ಲ, ಗಾಡಿಯ ಮುಂಭಾಗದಲ್ಲಿ ಇರುವುದೆಲ್ಲ ಕೀಲೇ. ಒಡಲು ಮೇಲೇರುತ್ತದೆ, ಚಕ್ರ ನೆಲದಲ್ಲೇ ಉಳಿಯುತ್ತದೆ. ನಡುವೆ ಇರುವ ಮೇಲಿನ ತೋಳು, ಕೆಳಗಿನ ತೋಳು, ಟೈ ರಾಡ್, ಆಕ್ಸಲ್, ಲಿಂಕ್ ರಾಡ್ ಎಲ್ಲವೂ ತಮಗೆ ಅಭ್ಯಾಸವಿಲ್ಲದ ಓರೆಯಲ್ಲಿ ದುಡಿಯಬೇಕಾಗುತ್ತದೆ.

ಕೆಲವು ತಿಂಗಳಲ್ಲಿ ಎಡಗಡೆ ಮುಂದಿನಿಂದ ಟಕ್, ಟಕ್ ಶುರುವಾಯಿತು.

ನನಗೆ ಇದು ದೊಡ್ಡ ವಿಷಯವಾಗಿ ಕಾಣಲಿಲ್ಲ. ನಾನು ಬೆಳೆದದ್ದು ಕೊಪ್ಪದ ಕಡೆ, ಪಟ್ಟಿ ಸ್ಪ್ರಿಂಗಿನ ಜೀಪುಗಳ ನಡುವೆ. ಕಾಫಿ ತೋಟದ ಜೀಪಿನಲ್ಲಿ ಸದ್ದು ಎಲ್ಲಿಂದ ಎಂದು ಯಾರೂ ಕೇಳುತ್ತಿರಲಿಲ್ಲ. ಬಾಗಿಲು, ಹುಡ್ಡಿನ ಕಂಬಿ, ಹಿಂದೆ ನೇತಾಡುವ ಕೊಕ್ಕೆ, ಕಾಲಕೆಳಗಿನ ಜಾಕು ಎಲ್ಲವೂ ಏಕಕಾಲಕ್ಕೆ ಮಾತಾಡುತ್ತಿದ್ದವು. ಸದ್ದು ನಿಂತರೆ ಮಾತ್ರ ಡ್ರೈವರ್ ಇಳಿದು ಏನು ಬಿದ್ದುಹೋಯಿತೆಂದು ಹಿಂದೆ ನಡೆದು ನೋಡುತ್ತಿದ್ದ. ಆ ಜೀಪುಗಳ ಮೂಲವೂ ಡೊಂಬಿವಲಿಯಿಂದ ದೂರವಿಲ್ಲ. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ, 1947ರಲ್ಲಿ ಮುಂಬಯಿಯ ಮಝಗಾಂವಿನಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಜೀಪು ಮಾತ್ರ ಯಾವ ರಾಜಕೀಯವನ್ನೂ ತಲೆಗೆ ಹಚ್ಚಿಕೊಳ್ಳದೆ ಘಟ್ಟ ಹತ್ತಿತು.

ಹೊಸ ಥಾರ್ ಅಂಥ ಪ್ರಾಣಿಯಲ್ಲ. ಒಳಗೆ ಕೂತರೆ ಎಸಿ, ಹಾಡು, ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಒಂದು ಟಕ್ ಕೂಡ ತಲೆಗೇ ಬಡಿಯುತ್ತದೆ. ಹುಡುಗ ಠಾಣೆಯ ಕಡೆಯ ಒಂದು ಗ್ಯಾರೇಜಿಗೆ ಹೋದ. ಅವರು ಜಾಕ್ ಹಾಕಿ ಚಕ್ರ ಅಲ್ಲಾಡಿಸಿ ನೋಡಿ, ಎರಡೂ ಶಾಕ್‌ಅಬ್ಸಾರ್ಬರ್ ಬದಲಿಸಿದರು. ದುಡ್ಡು ಹೋಯಿತು, ಸದ್ದು ಉಳಿಯಿತು.

ಇಷ್ಟಾದಮೇಲೆ ನಮ್ಮ ಕಟ್ಟಡದ ಕಾಕಾ ಪ್ರವೇಶಿಸಿದರು. ಹುಬ್ಬಳ್ಳಿ ಕಡೆಯವರು. ರೈಲ್ವೆಯ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿದ್ದವರು, ನೌಕರಿಯ ಬಹುಕಾಲ ಕಳೆದದ್ದು ಕಲ್ಯಾಣ್ ಜಂಕ್ಷನ್ನಿನಲ್ಲಿ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ ರೈಲು ಮರುವರ್ಷವೇ ಕಲ್ಯಾಣ್ ಮುಟ್ಟಿತು. ಅಲ್ಲಿಂದ ಹಳಿ ಕವಲೊಡೆದು ಒಂದು ಕಸಾರಾದ ಮೂಲಕ ಥಳ ಘಾಟಿಗೂ ಇನ್ನೊಂದು ಕರ್ಜತ್ತಿನ ಮೂಲಕ ಭೋರ್ ಘಾಟಿಗೂ ಏರುತ್ತದೆ. ಅಂಥ ಜಂಕ್ಷನ್ನಿನಲ್ಲಿ ಹಿಂದೆ ರೈಲುಗಾಡಿ ಬಂದು ನಿಂತಾಗ ಒಬ್ಬ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಯನ್ನು ತಟ್ಟುತ್ತ ಹೋಗುತ್ತಿದ್ದ. ಸರಿಯಾಗಿದ್ದರೆ ಗಂಟೆಯ ಹಾಗೆ ಠಣ್, ಬಿರುಕಿದ್ದರೆ ಥಪ್. ವೈದ್ಯರ ಬೆರಳ ತಟ್ಟಾಟವೂ ಇದೇ ಜಾತಿಯದು. ಆಸ್ಟ್ರಿಯದ ಅವೆನ್‌ಬ್ರುಗ್ಗರ್ ಎಂಬ ವೈದ್ಯ ಹೋಟೆಲಿನವನ ಮಗ. ಪೀಪಾಯಿಯಲ್ಲಿ ಮದ್ಯ ಎಲ್ಲಿಯವರೆಗಿದೆ ಎಂದು ಅಪ್ಪ ತಟ್ಟಿ ತಿಳಿಯುತ್ತಿದ್ದುದನ್ನು ನೋಡಿಯೇ ರೋಗಿಯ ಎದೆ ತಟ್ಟುವ ವಿದ್ಯೆ ಅವನಿಗೆ ಹೊಳೆಯಿತೆಂದು ಹೇಳುತ್ತಾರೆ. 1761ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಸ್ಟೆತಾಸ್ಕೋಪ್ ಬಂದದ್ದು ಆಮೇಲೆ, 1816ರಲ್ಲಿ. ಕಾಕಾಗೆ ಈ ಕಥೆ ಹೇಳಿದರೆ, "ಡಾಕ್ಟರಾಗ್ಬಹುದಿತ್ತು ಬಿಡ್ರಿ ನಾವೂ" ಎಂದು ನಕ್ಕರು.

ಅವರು ಬಾನೆಟ್ ಎತ್ತಲಿಲ್ಲ. ಹುಡುಗನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ವಿಚಾರಣೆ ಶುರುಮಾಡಿದರು. "ತಮ್ಮಾ, ಜೋರಾಗಿ ಹೋಗುವಾಗ ಬರ್ತದೋ, ನಿಧಾನಕ್ಕೆ ಹೋಗುವಾಗೋ? ಬ್ರೇಕ್ ಮ್ಯಾಲೆ ಸ್ವಲ್ಪ ಕಾಲಿಟ್ರ ನಿಲ್ತದೇನು? ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದ್ರ? ಪೂರಾ ತಿರುಗಿಸಿ ನಿಧಾನಕ್ಕೆ ಬಿಟ್ರ ಕಟಕಟ ಅಂತದೇನು?" ಒಂದೊಂದು ಪ್ರಶ್ನೆಗೂ ಒಬ್ಬೊಬ್ಬ ಆರೋಪಿ ಬಿಡುಗಡೆಯಾಗುತ್ತಿದ್ದ. ಬ್ರೇಕ್ ಒತ್ತಿದರೂ ನಿಲ್ಲದು ಎಂದಾಗ ಕ್ಯಾಲಿಪರ್ ಹೊರಟುಹೋಯಿತು. ನಿಂತಲ್ಲಿ ತಿರುಗಿಸಿದರೆ ಸದ್ದಿಲ್ಲ ಎಂದಾಗ ಟೈ ರಾಡಿನ ಮೇಲಿನ ಅನುಮಾನ ಇಳಿಯಿತು. ಪೂರ್ತಿ ತಿರುಗಿಸಿ ಚಲಿಸಿದರೂ ಕಟಕಟವಿಲ್ಲ, ಅಂದರೆ ಆಕ್ಸಲ್ ಜಾಯಿಂಟ್ ಅಲ್ಲ. ಕೊನೆಗೆ ಕೇಳಿದರು: "ಎರಡೂ ಗಾಲಿ ಒಮ್ಮೆಗೇ ಏರಿದಾಗ ಬರ್ತದೋ, ಒಂದ ಏರಿದಾಗೋ?"

ಹುಡುಗ ಯೋಚಿಸಿರಲೇ ಇಲ್ಲ. ಎಲ್ಲರೂ ಗಾಡಿ ಹತ್ತಿ ಹೊರಟೆವು. ಗೇಟಿನ ಮುಂದಿನ ಸ್ಪೀಡ್‌ಬ್ರೇಕರನ್ನು ನೇರವಾಗಿ, ನಿಧಾನವಾಗಿ ದಾಟಿದರೆ ಸದ್ದೇ ಇಲ್ಲ. ರಸ್ತೆಯ ಅಂಚಿನಲ್ಲಿ ಪೇವರ್‌ಬ್ಲಾಕ್ ಕುಸಿದ ಜಾಗದಲ್ಲಿ ಎಡಚಕ್ರವನ್ನಷ್ಟೇ ಇಳಿಸಿ ಹತ್ತಿಸಿದರೆ, ಟಕ್! ಕಾಕಾ ಹಿಂದಿನ ಸೀಟಿನಿಂದ, "ಲಿಂಕ್ ರಾಡ್ ನೋಡ್ರಿ" ಎಂದು ತೀರ್ಪು ಕೊಟ್ಟರು.

ಇದು ಮಂತ್ರವಲ್ಲ, ಸರಳ ಲೆಕ್ಕ. ಎಡ ಬಲ ಚಕ್ರಗಳ ನಡುವೆ ಸ್ಟೆಬಿಲೈಸರ್ ಬಾರ್ ಎಂಬ ಉಕ್ಕಿನ ಸರಳು ಇರುತ್ತದೆ, ತಿರುವಿನಲ್ಲಿ ಗಾಡಿ ವಾಲದಿರಲೆಂದು. ಎರಡು ಚಕ್ರವೂ ಒಟ್ಟಿಗೆ ಎದ್ದರೆ ಅದು ಸುಮ್ಮನೆ ಹೊರಳುತ್ತದೆ. ಒಂದೇ ಚಕ್ರ ಎದ್ದಾಗ ಸರಳು ತಿರುಚಿಕೊಳ್ಳುತ್ತದೆ, ಆ ಸೆಳೆತವೆಲ್ಲ ತುದಿಯ ಗೇಣುದ್ದದ ಲಿಂಕ್ ರಾಡಿನ ಮೂಲಕ ಹಾಯುತ್ತದೆ. ಅದರ ತುದಿಯ ಗುಂಡು ತನ್ನ ಬಟ್ಟಲಲ್ಲಿ ಸವೆದಿದ್ದರೆ ಆಗ ಬಡಿದುಕೊಳ್ಳುತ್ತದೆ. ಜಾಕ್ ಹಾಕಿ ಎರಡೂ ಚಕ್ರ ಜೋತುಬಿಟ್ಟಾಗ ಸೆಳೆತ ಬದಲಾಗುವುದೇ ಇಲ್ಲ, ಸಡಿಲು ಅಡಗಿ ಕೂರುತ್ತದೆ. ಮೊದಲ ಗ್ಯಾರೇಜಿನವರಿಗೆ ಅದು ಸಿಗದಿದ್ದುದು ಹಾಗೆ.

ಶಿಳ್‌ಫಾಟಾದ ಬಳಿ ಪಿಟ್ ಇರುವ ಗ್ಯಾರೇಜಿಗೆ ಹೋದೆವು. ಚಕ್ರ ನೆಲದ ಮೇಲೇ ಇರುವಂತೆ ಗಾಡಿ ನಿಲ್ಲಿಸಿ, ಮಿಸ್ತ್ರಿ ಕೆಳಗಿಳಿದು ಲಿಂಕನ್ನು ಬೆರಳಲ್ಲಿ ಹಿಡಿದ. ಹುಡುಗ ಎಡಗಡೆಯ ಮೆಟ್ಟಿಲ ಮೇಲೆ ನಿಂತು ಗಾಡಿಯನ್ನು ತೂಗಿದ. "ನೀವೂ ಹಿಡೀರಿ ಸಾಬ್" ಎಂದು ಮಿಸ್ತ್ರಿ ನನ್ನನ್ನೂ ಪಿಟ್ಟಿಗಿಳಿಸಿದ. ಮೇಲಿನ ತುದಿಯ ರಬ್ಬರ್ ಟೊಪ್ಪಿಗೆ ಹರಿದಿತ್ತು, ಒಳಗಿನ ಗ್ರೀಸು ತುಕ್ಕು ಬೆರೆತು ಕಾಫಿ ಗಷ್ಟಿನ ಬಣ್ಣಕ್ಕೆ ತಿರುಗಿತ್ತು. ಒಡಲು ವಾಲಿದಾಗಲೆಲ್ಲ ಬೆರಳಿಗೆ ಸಣ್ಣ ಟಿಕ್ ತಾಗುತ್ತಿತ್ತು, ಕಿವಿಗೆ ಕೇಳುವ ಮೊದಲೇ.

ಅಲ್ಲಿಗೇ ಮುಗಿಯಲಿಲ್ಲ. ಮಿಸ್ತ್ರಿ ಟಾರ್ಚ್ ಬಿಟ್ಟು ಸ್ಪ್ರಿಂಗಿನ ಮೇಲೆ ಉಗುರಗಲ ಬಣ್ಣ ಹೋಗಿ ಹೊಳೆಯುತ್ತಿದ್ದ ಜಾಗ ತೋರಿಸಿದ. ದೊಡ್ಡ ಗುಂಡಿಯಲ್ಲಿ ಚಕ್ರ ಪೂರ್ತಿ ಜೋತಾಗ, ಬಿಲ್ಲೆಯ ದೆಸೆಯಿಂದ ಇನ್ನಷ್ಟು ಕೆಳಗಿಳಿದ ಮೇಲಿನ ತೋಳು ಸ್ಪ್ರಿಂಗಿಗೆ ಮುಟ್ಟುತ್ತಿತ್ತು. ಇದು ಗಾಡಿ ಎತ್ತರಿಸಿದ್ದರ ನೇರ ಫಲ. 2010ರ ಹಳೆಯ ಥಾರ್‌ನಲ್ಲೂ ಇಂಥದ್ದೇ ಉಂಟು. ಅದಕ್ಕೆ ಮುಂದೆ ಸುರುಳಿ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಟಾರ್ಷನ್ ಬಾರ್. ಬೋಲ್ಟ್ ತಿರುಗಿಸಿ ಮೂತಿ ಎತ್ತಿದಷ್ಟೂ ಚಕ್ರ ಕೆಳಗಿಳಿಯುವ ಜಾಗ ಕಿರಿದಾಗಿ, ತೋಳು ತಡೆಗೆ ಬಡಿಯುತ್ತದೆ.

ಹುಡುಗ ಲಿಂಕ್ ರಾಡುಗಳನ್ನು ಬದಲಿಸಿ ಬಿಲ್ಲೆಗಳನ್ನೂ ತೆಗೆಸಿದ. ನನ್ನ ಮಾತಿಗಲ್ಲ, ಕಾನೂನಿಗೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ವಾಹನವನ್ನು ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ನಂಬರ್ ಪ್ಲೇಟು ಠಾಣೆಯ ಎಂಎಚ್ 04 ಇರಲಿ, ಕಲ್ಯಾಣಿನ 05 ಇರಲಿ, ನವಿ ಮುಂಬಯಿಯ 43 ಇರಲಿ, ನಿಯಮ ಒಂದೇ. ರಸ್ತೆಗೂ ಇಂಥ ಮೂಲ ವಿವರ ಒಂದಿದ್ದು, ಅದಕ್ಕೆ ಭಿನ್ನವಾದರೆ ಯಾರನ್ನಾದರೂ ಹಿಡಿಯುವ ಕಲಮು ಇದ್ದಿದ್ದರೆ ಚೆನ್ನಾಗಿತ್ತು.

ಕೊನೆಯಲ್ಲಿ ಓದುಗರಿಗೆ ಒಂದು ವಿನಂತಿ. ತೋಳುಗಳ ರಬ್ಬರ್ ಬುಷ್ ಬೋಲ್ಟನ್ನು ಗಾಡಿ ಜಾಕ್ ಮೇಲಿರುವಾಗಲೇ ಪೂರ್ತಿ ಬಿಗಿದುಬಿಟ್ಟರೆ, ಚಕ್ರ ನೆಲಕ್ಕೆ ಇಳಿಯುತ್ತಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಬೇಗ ಹರಿದು ಮತ್ತೆ ಸದ್ದು ಮಾಡುತ್ತದೆ. ಭಾರವೆಲ್ಲ ಚಕ್ರದ ಮೇಲೆ ಬಂದ ನಂತರವೇ ಕೊನೆಯ ಬಿಗಿತ ಕೊಡು ಎಂದು ಮಿಸ್ತ್ರಿಗೆ ಹೇಳಿ, ಅವನು ಹಾಗೆ ಮಾಡುವವರೆಗೂ ಅಲ್ಲೇ ನಿಂತಿರಿ. ಬೈದುಕೊಂಡಾನು, ಆದರೆ ಬಿಗಿಯುತ್ತಾನೆ.