ಮನಿ ಮತ್ತು ಮನೆ

ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗ ಎರಡನೆಯ ತರಗತಿಯನ್ನು ಕುರಿತು ಯಾರೂ ವಿಚಾರಿಸುವುದಿಲ್ಲ. ಮೊದಲನೆಯ ತರಗತಿಗೆ ಅದರದೇ ಆದ ಸಂಭ್ರಮವುಂಟು: ಹೊಸ ಅಂಗಿ, ಹೊಸ ಚೀಲ, ಶಾಲೆಯ ಬಾಗಿಲಲ್ಲಿ ನಿಂತು ಕಣ್ಣೊರಸಿಕೊಳ್ಳುವ ತಾಯಿ. ಹತ್ತನೆಯದಕ್ಕೆ ಪರೀಕ್ಷೆಯ ಭಯವುಂಟು. ಮನೆಮಂದಿಯೆಲ್ಲ ದನಿ ತಗ್ಗಿಸಿ ಮಾತಾಡುತ್ತಾರೆ. ಎರಡನೆಯದಕ್ಕೆ ಸಂಭ್ರಮವೂ ಇಲ್ಲ, ಭಯವೂ ಇಲ್ಲ. “ಹುಡುಗ ಎಷ್ಟನೆಯದರಲ್ಲಿದ್ದಾನೆ?” “ಎರಡನೆಯದರಲ್ಲಿ.” “ಹೌದೆ?” ಅಲ್ಲಿಗೆ ಆ ಪ್ರಸಂಗ ಮುಗಿದು ಕಾಫಿಯ ಮಾತು ಬರುತ್ತದೆ.

ಆದರೆ ನಾಲಗೆಯ ಮೇಲಿದ್ದ ಮಾತು ಕೈಬೆರಳಿಗೆ ಇಳಿಯುವುದು ಈ ತರಗತಿಯಲ್ಲಿಯೇ. ಮೊದಲ ವರ್ಷ ಮಗು ಅಕ್ಷರಗಳ ಮುಖಪರಿಚಯ ಮಾಡಿಕೊಳ್ಳುತ್ತದೆ. ಎರಡನೆಯ ವರ್ಷ ಅವುಗಳೊಡನೆ ಸಂಸಾರ ಹೂಡುತ್ತದೆ. ಕೇಳಿದ್ದನ್ನು ಬರೆಯಬೇಕು, ಬರೆದದ್ದನ್ನು ಓದಬೇಕು, ಓದಿದ್ದು ತನ್ನ ಬಾಳಿಗೆ ಸಂಬಂಧಪಟ್ಟದ್ದೆಂದು ನಂಬಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಕಠಿಣ. ಎಷ್ಟು ಕಠಿಣವೆಂಬುದನ್ನು ನೋಡಬೇಕಾದರೆ ಬೀದರ ಜಿಲ್ಲೆಯ ಭಾಲ್ಕಿಯ ಕಡೆಗೆ ಹೋಗಬೇಕು. ಅಲ್ಲಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಮಹಾರಾಷ್ಟ್ರದ ಗಡಿಯಂತೂ ಕೂಗಳತೆಯಲ್ಲಿ. ತರಗತಿಗೆ ಅಲ್ಲಿಯ ಹಿರಿಯರು ‘ಇಯತ್ತೆ’ ಎನ್ನುತ್ತಾರೆ. ಹಲಗೆಗೆ ‘ಪಾಟಿ’ ಎನ್ನುತ್ತಾರೆ.

ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆ. ಸುತ್ತ ತೊಗರಿ, ಸೋಯಾ ಮತ್ತು ಕಬ್ಬಿನ ಹೊಲಗಳು. ಗಂಟೆ ಬಾರಿಸಿದೆ, ಪ್ರಾರ್ಥನೆ ಮುಗಿದಿದೆ, ಶಿಕ್ಷಕಿ ಹಾಜರಿ ಕರೆಯುತ್ತಿದ್ದಾರೆ. (ಹಾಜರಿ, ಅರ್ಜಿ, ದಾಖಲೆ, ಜಿಲ್ಲೆ, ತಾಲ್ಲೂಕು: ಇವೆಲ್ಲ ಪರದೇಶದಿಂದ ಬಂದು ನಮ್ಮಲ್ಲಿ ಮನೆ ಕಟ್ಟಿಕೊಂಡ ಮಾತುಗಳು. ಅತ್ಯಂತ ಶುದ್ಧವಾದ ಕನ್ನಡ ಪಾಠವೂ ಈ ‘ಹಾಜರಿ’ಯಿಂದಲೇ ಆರಂಭವಾಗುತ್ತದೆಂಬುದನ್ನು ಶುದ್ಧಿವಾದಿಗಳು ಗಮನಿಸಿದಂತಿಲ್ಲ.) ಬಳಿಕ ಶಿಕ್ಷಕಿ ಒಂದು ಚಿತ್ರಪಟವನ್ನು ಎತ್ತಿ ಹಿಡಿಯುತ್ತಾರೆ. ಹೆಂಚಿನ ಮಾಡು, ಒಂದು ಬಾಗಿಲು, ಎರಡು ಕಿಟಕಿ.

“ಇದೇನು?”

“ಮನಿ!” ಎಂದು ಅರ್ಧ ತರಗತಿ ಕೂಗುತ್ತದೆ. “ಘರ” ಎಂದು ಮರಾಠಿ ಮನೆಯ ಹುಡುಗನೊಬ್ಬ ಹೇಳಿ ನಾಲಗೆ ಕಚ್ಚಿಕೊಳ್ಳುತ್ತಾನೆ. ದಖನಿ ಉರ್ದು ಮಾತಾಡುವ ಮನೆಯಲ್ಲೂ ತಾಂಡಾದ ಲಂಬಾಣಿ ಮನೆಯಲ್ಲೂ ಹೆಚ್ಚುಕಡಿಮೆ ಅದೇ ಶಬ್ದ. ಚಿತ್ರದ ಕೆಳಗೆ ಅಚ್ಚಾಗಿರುವ ‘ಮನೆ’ ಎಂಬ ಮಾತನ್ನು ಮಾತ್ರ ಒಬ್ಬರೂ ಹೇಳಲಿಲ್ಲ.

ತಾಯಿಯ ಚಿತ್ರ ತೋರಿಸಿದರೆ ಪೇಚು ಇನ್ನೂ ಸ್ವಾರಸ್ಯಕರ. ಕನ್ನಡದ ಮಗುವಿಗೆ ಆಕೆ ಅವ್ವ. ಮರಾಠಿಯ ಮಗುವಿಗೆ ಆಯಿ. ಮುಸಲ್ಮಾನರ ಮಗುವಿಗೆ ಅಮ್ಮಿ. ತಾಂಡಾದ ಮಗುವಿಗೆ ಯಾಡಿ. ಒಂದೇ ಚಿತ್ರದಲ್ಲಿರುವವಳು ನಾಲ್ಕು ಮಕ್ಕಳಿಗೆ ನಾಲ್ಕು ಹೆಸರಿನಿಂದ ಓಗೊಡಬೇಕು. ಪುಸ್ತಕ ಅವಳಿಗೆ ಐದನೆಯದೊಂದು ಹೆಸರನ್ನು ಇಟ್ಟಿದ್ದರೆ ತರಗತಿ ಕ್ಷಣಕಾಲ ಸ್ತಬ್ಧವಾಗುತ್ತದೆ.

ಮರಾಠಿಗೂ ಉರ್ದುವಿಗೂ ಈ ಜಿಲ್ಲೆಯಲ್ಲಿ ಬೇರೆ ಶಾಲೆಗಳುಂಟು. ಲಂಬಾಣಿಗೆ ಸ್ವಂತ ಲಿಪಿಯೇ ಇಲ್ಲ. ಆದುದರಿಂದ ತಾಂಡಾದ ಮಗು ಕನ್ನಡವನ್ನು ಅಕ್ಷರವಾಗಿ ಮಾತ್ರವಲ್ಲ, ಭಾಷೆಯಾಗಿಯೂ ಕಲಿಯಬೇಕು. ಅದರ ತಾಯಿತಂದೆಗಳು ಸುಗ್ಗಿಯ ಕಾಲಕ್ಕೆ ಕಬ್ಬು ಕಡಿಯಲೆಂದೋ ಪಟ್ಟಣದ ಕಟ್ಟಡದ ಕೆಲಸಕ್ಕೆಂದೋ ಗುಳೆ ಹೋದರೆ ಎರಡು ಮೂರು ತಿಂಗಳು ಹಾಜರಿ ಪುಸ್ತಕದ ಆ ಸಾಲು ಬರಿದಾಗಿರುತ್ತದೆ. ಮರಳಿ ಬಂದಾಗ ‘ಗುಣಿತಾಕ್ಷರ’ದಲ್ಲಿ ಬಿಟ್ಟುಹೋದ ಮಗು ‘ಒತ್ತಕ್ಷರ’ದ ನಡುವೆ ನಿಂತಿರುತ್ತದೆ.

ಈ ತೊಡಕನ್ನು ಬಿಡಿಸಲು ಕರ್ನಾಟಕದಲ್ಲಿ ಒಂದು ದೊಡ್ಡ ಪ್ರಯತ್ನ ನಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ಋಷಿವ್ಯಾಲಿಯ ಶಾಲೆಗಳ ಮಾದರಿಯನ್ನು ಕಂಡುಬಂದ ಶಿಕ್ಷಕರು ‘ನಲಿ-ಕಲಿ’ ಎಂಬ ಪದ್ಧತಿಯನ್ನು ಆರಂಭಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಮೊದಲ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂಡಬೇಕು. ಗೋಡೆಯ ಮೇಲೆ ಕಲಿಕೆಯ ಏಣಿ. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಮಗುವೇ ನೋಡಿಕೊಂಡು, ಆ ಗುರುತಿನ ಕಾರ್ಡನ್ನು ತಾನೇ ತಂದುಕೊಂಡು ಕಲಿಯಬೇಕು. ಗುಳೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಹೊರಗಿನಿಂದ ಬಂದವರಿಗೆ ಆ ಕೋಣೆ ಸಂತೆಯಂತೆ ಕಾಣುತ್ತಿತ್ತು. ಬೆತ್ತದ ಮೌನದಲ್ಲಿ ಓದಿದ ಹಿರಿಯರಿಗೆ ಅದು ಶಾಲೆಯೆಂದು ನಂಬಿಸುವುದೇ ಕಷ್ಟವಾಯಿತು.

ಆ ಪದ್ಧತಿಯವರು ಮಾಡಿದ ಇನ್ನೊಂದು ಸಾಹಸ ವರ್ಣಮಾಲೆಯ ಕ್ರಮವನ್ನೇ ಬದಲಿಸಿದ್ದು. ಅ, ಆ, ಇ, ಈ ಎಂದು ಶಾಸ್ತ್ರೋಕ್ತವಾಗಿ ಹೊರಟರೆ ಐದು ಅಕ್ಷರ ಕಲಿತ ಮಗುವಿಗೆ ಓದಲು ಒಂದು ಶಬ್ದವೂ ದಕ್ಕುವುದಿಲ್ಲ. ‘ರ ಗ ಸ ದ ಅ’ ಎಂದು ಆರಂಭಿಸಿದರೋ, ಐದೇ ಅಕ್ಷರಗಳಲ್ಲಿ ಸರ, ದರ, ಅರಸ, ಅಗಸ ಎಲ್ಲರೂ ಎದ್ದು ಬರುತ್ತಾರೆ! ಮೊದಲ ವಾರದಲ್ಲೇ ಅರಸನನ್ನೂ ಅಗಸನನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದ ಈ ಪಾಠಕ್ರಮವನ್ನು ಯಾರೇ ಮೆಚ್ಚಬೇಕು.

ಗಣಿತದ ಹೊತ್ತಿನಲ್ಲಿ ಭಾಷೆಯ ಕಾಟ ತಪ್ಪೀತೆಂದು ಭಾವಿಸಿದರೆ ಅದೂ ಭ್ರಾಂತಿಯೇ. ಭಾಲ್ಕಿಯ ಮಗು ಅಂಗಡಿಗೆ ಹೋಗಿ ಬಂದ ಮಗು; ಹಣವನ್ನು ಅದು ‘ಪಚ್ಚೀಸ್’, ‘ಪಚಾಸ್’ ಎಂದು ಎಣಿಸಬಲ್ಲುದು. ಕನ್ನಡದಲ್ಲಿ ಇಪ್ಪತ್ತೈದು ಎಂದರೆ ಮೊದಲು ಇಪ್ಪತ್ತು, ಆಮೇಲೆ ಐದು. ಬರೆಯುವ ಕ್ರಮವೂ ಹಾಗೆಯೇ. ಮರಾಠಿಯಲ್ಲಿ ಅದು ‘ಪಂಚವೀಸ’: ಐದು ಮುಂದೆ, ಇಪ್ಪತ್ತು ಹಿಂದೆ. ಆ ಮಗು ಕಿವಿಗೆ ಬಿದ್ದ ಕ್ರಮದಲ್ಲೇ ಬರೆದು 52 ಎಂದು ಪಾಟಿಯ ಮೇಲೆ ತೋರಿಸಿದರೆ ದಡ್ಡತನವೆನ್ನಬಹುದೆ? ಇಪ್ಪತ್ತೊಂಬತ್ತಕ್ಕೆ ಬಂದರಂತೂ ಮರಾಠಿಯವರು ‘ಏಕೋಣತೀಸ’, ಮೂವತ್ತಕ್ಕೆ ಒಂದು ಕಡಿಮೆ, ಎನ್ನುತ್ತಾರೆ. ಕನ್ನಡಿಗರು ಇದನ್ನು ಕೇಳಿ ನಗಬೇಕಾಗಿಲ್ಲ. ನಮ್ಮ ‘ಒಂಬತ್ತು’ ಕೂಡ ಹತ್ತಕ್ಕೆ ಒಂದು ಕಡಿಮೆಯೆಂಬ ಲೆಕ್ಕವನ್ನೇ ಹೊಟ್ಟೆಯಲ್ಲಿಟ್ಟುಕೊಂಡಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಮಧ್ಯಾಹ್ನದ ಗಂಟೆ ಬಾರಿಸಿದಾಗ ಎಲ್ಲ ಭಾಷೆಗಳೂ ತಟ್ಟೆ ಹಿಡಿದು ಒಂದೇ ಸಾಲಿನಲ್ಲಿ ಕೂಡುತ್ತವೆ. ಈ ಊಟದ ಯೋಜನೆ 2002ರಲ್ಲಿ ಮೊದಲಾದದ್ದು ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ. ಬೀದರ ಅವುಗಳಲ್ಲಿ ಒಂದು. ಹೆಸರು ‘ಅಕ್ಷರ ದಾಸೋಹ’. ಸರಕಾರದ ಯೋಜನೆಗಳಿಗೆ ಇಷ್ಟು ಸೊಗಸಾದ ಹೆಸರು ದೊರೆಯುವುದು ಅಪರೂಪ. ದಾಸೋಹದ ಕಲ್ಪನೆಗೆ ರೂಪು ಕೊಟ್ಟ ಶರಣರ ಕಲ್ಯಾಣ ಭಾಲ್ಕಿಗೆ ನೆರೆಯ ತಾಲ್ಲೂಕು. ಹನ್ನೆರಡನೆಯ ಶತಮಾನದಲ್ಲಿ ಜನರಾಡುವ ಮಾತನ್ನು ಬರೆಯುವ ಮಾತಿನ ಪೀಠಕ್ಕೆ ಏರಿಸಿದ ಸೀಮೆಯಿದು.

ಅದೇ ಸೀಮೆಯಲ್ಲಿ ಕನ್ನಡದ ಅಕ್ಷರ ತಲೆಮರೆಸಿಕೊಂಡು ಬಾಳಬೇಕಾದ ಕಾಲವೊಂದು ಬಂದಿತ್ತು. 1948ರ ಸೆಪ್ಟೆಂಬರ್ 17ರವರೆಗೆ ಬೀದರವು ನಿಜಾಮನ ಹೈದರಾಬಾದು ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ನ್ಯಾಯಾಲಯದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. ಖಾಸಗಿಯಾಗಿ ಶಾಲೆ ತೆರೆಯಬೇಕಾದರೆ ಸರಕಾರದ ಅಪ್ಪಣೆ ಬೇಕು. ಅಂಥ ದಿನಗಳಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಬಾಗಿಲಿಗೆ ಒಂದು ಭಾಷೆ, ಮಕ್ಕಳ ಪಾಟಿಗೆ ಇನ್ನೊಂದು. ಬಡಮಕ್ಕಳಿಗೆ ಮಠದಲ್ಲೇ ಅನ್ನ, ಆಸರೆ. ದೀರ್ಘಾಯುಷಿಗಳಾಗಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಆ ಸ್ವಾಮಿಗಳ ಹೆಸರನ್ನು ಈ ಭಾಗದ ಜನ ಇಂದಿಗೂ ಕೈಮುಗಿದು ಹೇಳುತ್ತಾರೆ. ಇಂದು ಭಾಲ್ಕಿಯ ಮಗು ‘ರ ಗ ಸ ದ’ ಎಂದು ಗಟ್ಟಿಯಾಗಿ ಕೂಗುವುದರ ಹಿಂದೆ, ಪಿಸುದನಿಯಲ್ಲಿ ಅದನ್ನು ಕಲಿತ ಅಜ್ಜಂದಿರ ಒಂದು ತಲೆಮಾರು ಇದೆ.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಮುಂತಾದವು ಮರಾಠಿಯ ಕಡೆಗೆ ಹೋದವು; ಜಹೀರಾಬಾದು, ನಾರಾಯಣಖೇಡ ತೆಲುಗಿನ ಕಡೆಗೆ; ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಆದರೆ ಗೆರೆ ಎಳೆಯುವವರು ನೆಲದ ಮೇಲೆ ಗೆರೆ ಎಳೆಯಬಲ್ಲರೇ ಹೊರತು ಅಡುಗೆಮನೆಯ ಮಾತಿನ ಮೇಲೆ ಎಳೆಯಲಾರರು. ಇದನ್ನು ಅಂದಿನವರು ತಿಳಿದಿದ್ದರು. ರಾಜ್ಯಗಳ ಪುನರ್ವಿಂಗಡಣೆಗಾಗಿ ಸಂವಿಧಾನಕ್ಕೆ ತಂದ ಏಳನೆಯ ತಿದ್ದುಪಡಿಯಲ್ಲಿಯೇ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂಬ 350-ಎ ವಿಧಿಯನ್ನೂ ಸೇರಿಸಿದರು. ನಿಜಾಮನ ಕಾಲದ ಕನ್ನಡ ಮಗುವಿಗೆ ಯಾವ ಕಷ್ಟವಾಗಿತ್ತೋ ಅದು ಕನ್ನಡ ನಾಡಿನ ಇನ್ನೊಂದು ಮಗುವಿಗೆ ಆಗಬಾರದಷ್ಟೆ. ಭಾಲ್ಕಿಯಂಥ ಊರಿನ ಕನ್ನಡ ಶಿಕ್ಷಕರಿಗೆ ಇದು ಗ್ರಂಥದ ಮಾತಲ್ಲ. ದಿನಬೆಳಗಾದರೆ ಎದುರಿಗೆ ನಿಲ್ಲುವ ಪ್ರಶ್ನೆ. ‘ಘರ’ ಎಂದು ನಾಲಗೆ ಕಚ್ಚಿಕೊಂಡ ಹುಡುಗನಿಗೆ ಈಗ ಏನು ಹೇಳಬೇಕು?

ವಿಚಿತ್ರವೆಂದರೆ, ಕನ್ನಡದ ಮಗುವಿಗೂ ಇದೇ ಪಾಡು. ಪಠ್ಯಪುಸ್ತಕ ರಾಜ್ಯಕ್ಕೆಲ್ಲ ಒಂದೇ. ಅದಕ್ಕೂ ಮಕ್ಕಳಿಗೂ ಇರುವ ದೂರ ಮಾತ್ರ ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರಿನ ಮಗು ‘ಮನೇಲಿದೆ’ ಎನ್ನುತ್ತದೆ. ‘ಮನೆಯಲ್ಲಿದೆ’ ಎಂಬುದಕ್ಕೆ ಅದು ಒಂದು ಹೆಜ್ಜೆ ಇಟ್ಟರೆ ಸಾಕು. ಭಾಲ್ಕಿಯ ಮಗು ‘ಮನ್ಯಾಗ ಅದ’ ಎನ್ನುತ್ತದೆ. ಅದಕ್ಕೆ ಹಳ್ಳವನ್ನೇ ಹಾರಬೇಕು. ‘ಓದ್ಲತ್ತೀನಿ’ ಎಂದು ಮಾತಾಡುವ ಹುಡುಗಿ ‘ಓದುತ್ತಿದ್ದೇನೆ’ ಎಂದು ಬರೆಯಬೇಕು. 2021ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ನಿಪುಣ ಭಾರತ’ದ ಗುರಿಯಂತೆ, ಎರಡನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ 45ರಿಂದ 60 ಶಬ್ದಗಳನ್ನು ಅರ್ಥಸಹಿತವಾಗಿ ಓದಬೇಕು. ಗುರಿ ಒಳ್ಳೆಯದೇ. ಆದರೆ ನಿಮಿಷವನ್ನು ಗಡಿಯಾರ ಅಳೆಯುತ್ತದೆ. ಅರ್ಥವನ್ನು ಅಳೆಯಲು ಶಿಕ್ಷಕಿಯೇ ಬೇಕು. ಪಟಪಟನೆ ಓದಿ ಮುಗಿಸಿದ ಮಗುವನ್ನು “ಏನು ಓದಿದಿ?” ಎಂದು ಕೇಳಿದಾಗ ಅದು ಮಿಕಮಿಕ ನೋಡುವುದುಂಟು. ಪಟ್ಟಣದ ದುಬಾರಿ ಶಾಲೆಗಳ ಇಂಗ್ಲಿಷ್ ಪಾಠದಲ್ಲಿ ಈ ನೋಟ ಇನ್ನೂ ಹೆಚ್ಚು. ಅಲ್ಲಿ ಟೈ ಕಟ್ಟಿರುವುದರಿಂದ ಅದು ತಂದೆತಾಯಿಗಳ ಕಣ್ಣಿಗೆ ಬೀಳುವುದಿಲ್ಲ.

ಊಟದ ನಂತರ ಎರಡನೆಯ ತರಗತಿಯವರಿಗೆ ಸ್ವಂತ ವಾಕ್ಯ ಬರೆಯುವ ಕೆಲಸ. ಹುಡುಗಿಯೊಬ್ಬಳು ದುಂಡಗಿನ ಅಕ್ಷರಗಳಲ್ಲಿ ‘ನಮ್ಮ ಮನಿ ಊರಾಗ ಅದ’ ಎಂದು ಬರೆದು ತಂದಳು. ಪಕ್ಕದ ಹುಡುಗ ಇಣಿಕಿ ನೋಡಿ, “ಟೀಚರ್, ಇಕಿ ತಪ್ಪ ಬರ್ದಾಳ್ರಿ!” ಎಂದು ದೂರು ಕೊಟ್ಟ.

ಕೆಂಪು ಶಾಯಿಯ ಪೆನ್ನು ಮೇಜಿನ ಮೇಲೆಯೇ ಇತ್ತು. ನಾಲ್ಕು ಶಬ್ದದಲ್ಲಿ ಮೂರನ್ನು ಹೊಡೆದುಹಾಕಬಹುದಾಗಿತ್ತು. ಹಾಗೆ ಹೊಡೆದುಹಾಕಿದ್ದರೆ ಹುಡುಗಿ ಒಂದು ಪಾಠ ಕಲಿಯುತ್ತಿದ್ದಳು: ತನ್ನ ಅವ್ವ ದಿನವೂ ತಪ್ಪು ಮಾತಾಡುತ್ತಾಳೆಂದು.

“ಆಕಿ ಕಿವಿ ಚಲೋ ಅದ. ಹೆಂಗ ಕೇಳ್ಯಾಳೋ ಹಂಗೇ ಬರ್ದಾಳ. ಇದು ಮನ್ಯಾಗಿನ ಮಾತು. ಪುಸ್ತಕದಾಗ ಇದನ್ನ ಹೆಂಗ ಬರೀತಾರ, ನೋಡೂಣು,” ಎಂದು ಶಿಕ್ಷಕಿ ಕರಿಹಲಗೆಯ ನಡುವೆ ಒಂದು ಗೆರೆ ಎಳೆದರು. ಎಡಗಡೆ ‘ಮನಿ’, ಬಲಗಡೆ ‘ಮನೆ’. ‘ಘರ’ ಎಂದ ಹುಡುಗನನ್ನೂ ಕರೆದು ಎಡಗಡೆಯಲ್ಲಿ ಅವನ ಮಾತನ್ನು ಅವನಿಂದಲೇ ಬರೆಯಿಸಿದರು. ಅವನು ಎರಡು ಸಲ ಹಿಂದಿರುಗಿ ನೋಡಿ ಬರೆದ.

“ಇನ್ನ ಯಾವ್ಯಾವ ಅವ?”

ಎಲಿ, ಎಲೆ, ಒಲಿ, ಒಲೆ, ಎಮ್ಮಿ, ಎಮ್ಮೆ, ಹಲಗೆ ತುಂಬತೊಡಗಿತು. ‘ಕತ್ತಿ, ಕತ್ತೆ’ ಬಂದಾಗ, ಪುಸ್ತಕದಲ್ಲಿ ಕತ್ತಿಯೆಂದರೆ ರಾಜನ ಕೈಯಲ್ಲಿರುವ ಆಯುಧವೆಂದು ತಿಳಿದು ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ರಾಜ ಕತ್ತೆಯನ್ನು ಎತ್ತಿ ಝಳಪಿಸುವ ದೃಶ್ಯವನ್ನು ಇಬ್ಬರು ಎದ್ದುನಿಂತು ಅಭಿನಯಿಸಿದರು. ಯಾರೂ ಹೇಳಿಕೊಡದೆಯೇ ಮಕ್ಕಳು ಒಂದು ವ್ಯಾಕರಣ ಸೂತ್ರವನ್ನು ಕಂಡುಹಿಡಿದಿದ್ದರು: ಮನೆಯಲ್ಲಿ ಕೊನೆಗೆ ‘ಇ’ ಇದ್ದರೆ ಪುಸ್ತಕದಲ್ಲಿ ‘ಎ’.

ದೂರು ಕೊಟ್ಟ ಹುಡುಗನಿಗೆ ಈಗ ಉತ್ಸಾಹ ಉಕ್ಕಿಬಂತು. ಪಾಟಿಯ ಮೇಲೆ ಬಾಗಿ, ತುಟಿ ಕಚ್ಚಿ, ಬಹಳ ಹೊತ್ತು ಬರೆದ. ಬರೆದು ಎದ್ದು ಬಂದು ಪಾಟಿಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದ: ‘ನರೆ ಕುರೆ ಮರೆಯನ್ನು ನೋಡಿತು.’

ಶಿಕ್ಷಕಿ ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. ಪುಸ್ತಕದಲ್ಲಿಯೂ ನರಿ ನರಿಯೇ, ಕುರಿ ಕುರಿಯೇ, ಮರಿ ಮರಿಯೇ ಎಂದು ಅವನಿಗೆ ಹೇಳುವ ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆಗೆ ತಿರುಗಿದರು. ಅಷ್ಟರಲ್ಲಿ ಗಂಟೆ ಬಾರಿಸಿತು.